ರಾಷ್ಟ್ರಪತಿಗೆ ಅರ್ಜಿ ಹಾಕುವ ಮೊದಲು

ಸೋಮವಾರಪೇಟೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಟೈಪಿಂಗ್ ಅಂಗಡಿ. ಅರ್ಜಿ ಬರೆದುಕೊಡುವುದೇ ಜಾಸ್ತಿ. ವರ್ಷಕ್ಕೆ ಮೂರ್ನಾಲ್ಕು ಜನವಾದರೂ ಬಂದು, "ಅಕ್ಕಾ, ಇಲ್ಲಿಯವರಿಗೆ ಬರೆದು ಸಾಕಾಯ್ತು, ರಾಷ್ಟ್ರಪತಿಗೇ ಹಾಕಿಬಿಡಿ" ಅನ್ನುತ್ತಾರೆ. ಹಾಕಬಹುದು, ಯಾರೂ ತಡೆಯುವುದಿಲ್ಲ. ಆದರೆ ಸ್ಪೀಡ್ ಪೋಸ್ಟಿಗೆ ದುಡ್ಡು ಸುರಿಯುವ ಮೊದಲು, ನೀವು ಕೇಳುವುದು ಅವರ ಕೈಯಲ್ಲಿ ಇದೆಯಾ ನೋಡಿಕೊಳ್ಳಿ.

ಸಂವಿಧಾನದ 74ನೇ ವಿಧಿಯಿಂದ ಶುರು ಮಾಡಿ. ನಾಲ್ಕೈದು ಸಾಲು, ಅಷ್ಟೇ. ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ 1976ರ 42ನೇ ತಿದ್ದುಪಡಿ ಕಡ್ಡಿ ಮುರಿದ ಹಾಗೆ ಹೇಳಿತು. 1978ರ 44ನೇ ತಿದ್ದುಪಡಿ ಒಂದು ಕಿಂಡಿ ಬಿಟ್ಟಿತು: "ಇನ್ನೊಮ್ಮೆ ಯೋಚಿಸಿ" ಅಂತ ಸಲಹೆಯನ್ನು ಒಂದು ಸಲ ವಾಪಸ್ ಕಳಿಸಬಹುದು. ಮತ್ತೆ ಅದೇ ಬಂದರೆ ಒಪ್ಪಬೇಕು. ನನ್ನ ಅಂಗಡಿಯಲ್ಲಿ ಬರೆಯುವವಳು ನಾನು, ಸಹಿ ನಿಮ್ಮದು, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡುವವರೂ ನೀವೇ. ದೆಹಲಿಯಲ್ಲಿ ಹಾಗಲ್ಲ. ಸಹಿ ರಾಷ್ಟ್ರಪತಿಯದು, ಲೋಕಸಭೆಗೆ ಉತ್ತರ ಕೊಡುವವರು ಮಂತ್ರಿಗಳು.

ಒಂದು ಕಾನೂನಿಗೆ ಸಹಿ ಹಾಕಬೇಡಿ ಅಂತ ಕೇಳುವುದಾದರೆ 111ನೇ ವಿಧಿ ನೋಡಿ. ಧನ ಮಸೂದೆಯನ್ನು (ಮನಿ ಬಿಲ್) ವಾಪಸ್ ಕಳಿಸುವಂತಿಲ್ಲ. ಸಂವಿಧಾನ ತಿದ್ದುಪಡಿ ಮಸೂದೆಗಂತೂ ಸಹಿ ಹಾಕಲೇಬೇಕು. ಉಳಿದದ್ದನ್ನು ಒಮ್ಮೆ ಕಳಿಸಬಹುದು. 2006ರಲ್ಲಿ ಅಬ್ದುಲ್ ಕಲಾಂ ಲಾಭದಾಯಕ ಹುದ್ದೆ ಮಸೂದೆಯನ್ನು ಹಾಗೆ ಕಳಿಸಿದರು. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿತು, ಅವರು ಸಹಿ ಹಾಕಿದರು. ಒಂದು ತಮಾಷೆ ಏನಂದ್ರೆ, ಇಷ್ಟೇ ದಿನದೊಳಗೆ ಸಹಿ ಹಾಕಿ ಅಂತ ವಿಧಿಯಲ್ಲಿ ಎಲ್ಲೂ ಬರೆದಿಲ್ಲ. 1986ರ ಅಂಚೆ ಮಸೂದೆಯನ್ನು ಜೈಲ್ ಸಿಂಗ್ ಸಹಿಯೂ ಹಾಕದೆ, ವಾಪಸೂ ಕಳಿಸದೆ ಸುಮ್ನೆ ಇಟ್ಟುಕೊಂಡರು. ಜನರ ಕಾಗದ ಒಡೆದು ಓದಲು ಸರ್ಕಾರಕ್ಕೆ ದಾರಿ ಮಾಡುವ ಮಸೂದೆ ಅದು. ಕಾಗದ ಬರೆದೇ ಅನ್ನ ತಿನ್ನುವವಳು ನಾನು, ಜೈಲ್ ಸಿಂಗ್ ಬಗ್ಗೆ ಆಡಿಕೊಳ್ಳಲು ನನ್ನ ಹತ್ತಿರ ಬರಬೇಡಿ.

ಕಾವೇರಿ ನೀರಿನ ಬಗ್ಗೆ ಬರೆಸುವವರೂ ಇದ್ದಾರೆ. ನೀರು ಯಾರಿಗೆಷ್ಟು ಅಂತ ರಾಷ್ಟ್ರಪತಿ ಹಂಚುವುದಿಲ್ಲ. 143ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಬಹುದು. 1991ರಲ್ಲಿ ಕರ್ನಾಟಕ ಕಾವೇರಿ ಬಗ್ಗೆ ಸುಗ್ರೀವಾಜ್ಞೆ ತಂದಾಗ ಹಾಗೆ ಕೇಳಿದರು. ಆ ಸುಗ್ರೀವಾಜ್ಞೆ ಸಿಂಧುವಲ್ಲ ಅಂತ ಕೋರ್ಟು ಹೇಳಿತು.

ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವುದಕ್ಕೆ ಮಾತ್ರ ಆ ವಿಳಾಸ ನಿಜವಾಗಿ ಬೇಕಾಗುತ್ತದೆ. 72ನೇ ವಿಧಿ. ಕೋರ್ಟ್ ಮಾರ್ಷಲ್ ಶಿಕ್ಷೆಯೂ ಅದರಲ್ಲೇ ಬರುತ್ತದೆ, ಮನೆಮನೆಯಲ್ಲಿ ಮಿಲಿಟರಿಯವರಿರುವ ನಮ್ಮ ಜಿಲ್ಲೆಗೆ ಇದು ಗೊತ್ತಿರಲಿ. ಅಲ್ಲೂ ತೀರ್ಮಾನ ಮಂತ್ರಿಮಂಡಲದ ಸಲಹೆಯಂತೆಯೇ.

ರಾಷ್ಟ್ರಪತಿ ಸ್ವಂತ ಬುದ್ಧಿ ಓಡಿಸುವ ಜಾಗ ಮುಖ್ಯವಾಗಿ ಒಂದು. ಯಾರಿಗೂ ಬಹುಮತ ಬಾರದಾಗ ಸರ್ಕಾರ ರಚಿಸಲು ಯಾರನ್ನು ಕರೆಯಬೇಕು ಅನ್ನುವುದು. ಆಗ ಸಲಹೆ ಕೊಡಲು ಹೊಸ ಮಂತ್ರಿಮಂಡಲವೇ ಇರುವುದಿಲ್ಲ ಅಲ್ವಾ? ಅದಕ್ಕೆ ನಿಮ್ಮ ಅರ್ಜಿ ಬೇಕಾಗಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜ ಬಂದರು. ಆನೆ ತೋಟಕ್ಕೆ ನುಗ್ಗಿ ಬಾಳೆ, ಕಾಫಿ ತುಳಿದಿತ್ತು. ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ, "ಬರಿಯಮ್ಮ, ರಾಷ್ಟ್ರಪತಿಗೆ" ಅಂದರು. ಯಾಕಜ್ಜ ಅಂದೆ. "ಹಿಂದೆ ಕೊಡಗು ನೇರ ರಾಷ್ಟ್ರಪತಿ ಕೆಳಗೇ ಇತ್ತು, ನನ್ನಪ್ಪ ಹೇಳ್ತಿದ್ದರು." ಸುಳ್ಳಲ್ಲ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರುವ ತನಕ ಕೊಡಗು 'ಸಿ' ಭಾಗದ ರಾಜ್ಯ. ಚೀಫ್ ಕಮಿಷನರ್ ಮೂಲಕ ರಾಷ್ಟ್ರಪತಿ ಆಡಳಿತ ಅಂತ ಆಗಿನ 239ನೇ ವಿಧಿಯಲ್ಲಿತ್ತು. 1952ರಿಂದ ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ, 24 ಜನರ ವಿಧಾನಸಭೆಯೂ ಇತ್ತು. "ಆದರೆ ಅಜ್ಜ, ಈಗ ನಿಮ್ಮ ಕಾಗದ ದೆಹಲಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಬಂದು, ಮಡಿಕೇರಿಗೆ ಇಳಿದು, ಕೊನೆಗೆ ಇಲ್ಲಿಯ ಫಾರೆಸ್ಟ್ ಆಫೀಸಿಗೇ ಬರುತ್ತೆ" ಅಂದೆ.

ಹಾಗಾಗಿ ಅರ್ಜಿ ವಲಯ ಅರಣ್ಯಾಧಿಕಾರಿಗೆ ಹಾಕಿದೆವು. ಸರ್ವೆ ನಂಬರ್, ಎಷ್ಟು ಗಿಡ ಹೋಯಿತು, ಯಾವ ತಾರೀಖು, ಫೋಟೋ. ನಿಮ್ಮದೂ ಹೀಗೇ ಇರಲಿ, ಎರಡು ಪುಟ ಗೋಳು ಬೇಡ. ಕೆಳಗೆ "ಪ್ರತಿ: ರಾಷ್ಟ್ರಪತಿ ಭವನ, ನವದೆಹಲಿ 110004" ಅಂತ ಅಜ್ಜ ಹಟ ಹಿಡಿದು ಹಾಕಿಸಿದರು. "ಮಾನ್ಯ ರಾಷ್ಟ್ರಪತಿಗಳಿಗೆ" ಅಂದರೆ ಸಾಕು. ದೊಡ್ಡ ದೊಡ್ಡ ಬಿರುದು ಬೇಡ ಅಂತ 2012ರಲ್ಲಿ ಪ್ರಣಬ್ ಮುಖರ್ಜಿ ಕಾಲದಲ್ಲೇ ಆಗಿದೆ. ಅಜ್ಜನಿಗೆ ಅದು ಸಪ್ಪೆ ಅನಿಸಿತು. ಪೆನ್ನು ಇಸಿದುಕೊಂಡು, ಪಕ್ಕದಲ್ಲಿ ತಾವೇ "ಮಹಾ" ಅಂತ ಸೇರಿಸಿದರು.