ಗೊಜಿರಾವನ್ನು ಸೀನ್ ಸೀನ್ ಆಗಿ ಬಿಚ್ಚಿ ನೋಡಿದಾಗ

ದೈತ್ಯ ಪ್ರಾಣಿಯ ಕಥೆ ಬರೆಯುವ ಆಸೆ ಇರುವವರು ಪ್ರಾಣಿಯನ್ನೇ ನೋಡುತ್ತಾ ಕೂರಬಾರದು, ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಅಂತ ನೋಡಬೇಕು. ನನಗೆ ಇದು ಗೊತ್ತಾಗಿದ್ದು 1954ರ ಜಪಾನಿ ಸಿನಿಮಾ ‘ಗೊಜಿರಾ’ದಿಂದ. ನಾವೆಲ್ಲ ಗಾಡ್ಜಿಲ್ಲಾ ಅನ್ನುತ್ತೀವಲ್ಲ, ಅದರ ಮೊದಲ ಸಿನಿಮಾ. ನಿರ್ದೇಶಕ ಇಶಿರೋ ಹೋಂಡಾ, 96 ನಿಮಿಷ, ಕಪ್ಪು ಬಿಳುಪು.

ನಾನು ಸಣ್ಣ ಸಿನಿಮಾಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ಒಂದು ಸಿನಿಮಾ ಹಿಡಿಸಿದರೆ ಪ್ರತಿ ಸೀನ್‌ಗೂ ಒಂದು ಕಾರ್ಡ್ ಮಾಡಿಕೊಳ್ಳುತ್ತೇನೆ. ಮೇಲೆ ಏನಾಯ್ತು ಅನ್ನುವುದು, ಒಂದೇ ಸಾಲಿನಲ್ಲಿ. ಕೆಳಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಸಾಲು: ಈ ಸೀನ್ ಮುಗಿದಾಗ ಯಾರಿಗೆ ಏನು ಗೊತ್ತಿದೆ, ಯಾರಿಗೆ ಗೊತ್ತಿಲ್ಲ. ಗೊಜಿರಾದ ಕಾರ್ಡ್‌ಗಳನ್ನು ನೆಲದ ಮೇಲೆ ಹರಡಿ ಬರೀ ಕೆಂಪು ಸಾಲುಗಳನ್ನು ಓದುತ್ತಾ ಹೋದರೆ ಸಾಕು, ಇಡೀ ಸಿನಿಮಾ ಅಲ್ಲೇ ಇದೆ.

ಶುರುವಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಕಡಲಲ್ಲಿ ಬೆಳಕು ಹೊಳೆಯುತ್ತದೆ, ಹಡಗು ಉರಿದು ಮುಳುಗುತ್ತದೆ. ಹುಡುಕಲು ಹೋದ ಹಡಗೂ ಮುಳುಗುತ್ತದೆ. (ಆ ವರ್ಷ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿದಾಗ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ವಿಷದ ಬೂದಿ ಸುರಿದು ಅದರಲ್ಲಿದ್ದ 23 ಜನರಿಗೂ ವಿಕಿರಣ ತಗುಲಿತ್ತು. ಸಿನಿಮಾ ಬಂದಿದ್ದು ನವೆಂಬರ್ 3ಕ್ಕೆ. ಆ ಬೆಳಕು ಏನು ಅಂತ ಅಲ್ಲಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ.) ಆಮೇಲೆ ಓಡೋ ದ್ವೀಪದ ಒಬ್ಬ ಮುದುಕ ಗೊಜಿರಾ ಅನ್ನುತ್ತಾನೆ, ಯಾರೂ ನಂಬುವುದಿಲ್ಲ. ಹೆಜ್ಜೆ ಗುರುತು ಸಿಗುತ್ತದೆ, ಅದರಲ್ಲಿ ವಿಕಿರಣವೂ ಇದೆ. 20 ನಿಮಿಷ ದಾಟಿದ ಮೇಲೆ, ಹಗಲಿನಲ್ಲೇ, ಗುಡ್ಡದ ಆಚೆಯಿಂದ ತಲೆ ಕಾಣುತ್ತದೆ. ಮುಂದಿನ ಜಗಳ ನೋಡಿ: ಸಂಸತ್ತಿನಲ್ಲಿ ಒಬ್ಬರು ಇದನ್ನು ಜನರಿಗೆ ಹೇಳಬೇಡಿ ಅನ್ನುತ್ತಾರೆ, ಹೆಂಗಸರು ಎದ್ದು ನಿಂತು ಹೇಳಲೇಬೇಕು ಅಂತ ಕೂಗುತ್ತಾರೆ. ಪ್ರಾಣಿ ಈಗಷ್ಟೇ ಕಂಡಿದೆ, ಆಗಲೇ ಮುಚ್ಚಿಡುವ ಮಾತು ಬಂತು.

ನನಗೆ ಅತಿ ಇಷ್ಟವಾದ ಕಾರ್ಡ್ ಕಥೆಯ ನಾಯಕಿ ಎಮಿಕೋಳದ್ದು. ಅವಳಿಗೆ ಸೆರಿಜಾವಾ ಅನ್ನುವ ವಿಜ್ಞಾನಿಯ ಜೊತೆ ಮದುವೆ ಅಂತ ಮೊದಲೇ ಮಾತಾಗಿದೆ, ಆದರೆ ಮನಸ್ಸಿರುವುದು ಒಗಾಟಾ ಅನ್ನುವ ಯುವಕನ ಮೇಲೆ. ಅದನ್ನು ಸೆರಿಜಾವಾಗೆ ಹೇಳಿಬಿಡೋಣ ಅಂತ ಅವಳು ಅವನ ಮನೆಗೆ ಹೋಗುತ್ತಾಳೆ. ಅಷ್ಟರಲ್ಲಿ ಅವನೇ ಅವಳನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ಮೀನಿನ ತೊಟ್ಟಿಯಲ್ಲಿ ಏನೋ ತೋರಿಸಿ, ಯಾರಿಗೂ ಹೇಳಬೇಡ ಅಂತ ಮಾತು ತೆಗೆದುಕೊಳ್ಳುತ್ತಾನೆ. ತನ್ನ ಗುಟ್ಟು ಹೇಳಲು ಹೋದವಳು ಅವನ ಗುಟ್ಟು ಹೊತ್ತು ವಾಪಸ್ ಬರುತ್ತಾಳೆ. ನಮಗೆ ಕಾಣುವುದು ಅವಳು ಕಿರುಚಿದ್ದು ಮಾತ್ರ. ತೊಟ್ಟಿಯಲ್ಲಿ ಏನಾಯ್ತು ಅಂತ ಕ್ಯಾಮೆರಾ ತೋರಿಸುವುದೇ ಇಲ್ಲ.

ತೋರಿಸುವುದು ಯಾವಾಗ? ಟೋಕಿಯೋ ಸುಟ್ಟ ಮೇಲೆ. ಹೈ ಟೆನ್ಷನ್ ತಂತಿ, ಫಿರಂಗಿ, ಯಾವುದೂ ನಡೆಯಲಿಲ್ಲ. ಆಸ್ಪತ್ರೆಯ ನೆಲದ ತುಂಬಾ ಗಾಯಾಳುಗಳು, ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಯಂತ್ರ ಟಿಕ್ ಟಿಕ್ ಅನ್ನುತ್ತದೆ. ಅಲ್ಲಿ ಶುಶ್ರೂಷೆ ಮಾಡುತ್ತಿರುವ ಎಮಿಕೋಗೆ ಇನ್ನು ತಡೆಯಲು ಆಗುವುದಿಲ್ಲ, ಮಾತು ಮುರಿದು ಒಗಾಟಾಗೆ ಹೇಳುತ್ತಾಳೆ, ಆಗ ಫ್ಲ್ಯಾಶ್‌ಬ್ಯಾಕ್‌ನಲ್ಲಿ ನಮಗೂ ತೊಟ್ಟಿ ಕಾಣುತ್ತದೆ, ಮೀನುಗಳು ಎಲುಬಾಗಿ ಕರಗುತ್ತವೆ. ಅದೇ ಶಾಟ್‌ಗಳನ್ನು ಮೊದಲೇ ಇಟ್ಟಿದ್ದರೆ ಅದೊಂದು ಹೊಸ ಆಯುಧ, ಅಷ್ಟೇ. ಇಲ್ಲಿ ಬಂದಿದ್ದಕ್ಕೆ, ಅವಳು ಸುಮ್ಮನಿದ್ದ ಇಷ್ಟು ದಿನದ ಬೆಲೆ ಎಷ್ಟು ಅಂತ ನಮಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸೆರಿಜಾವಾ ಕೂಡ ತಪ್ಪು ಮಾಡುತ್ತಿಲ್ಲ, ಅದೇ ಈ ಕಥೆಯ ಗಟ್ಟಿತನ. ತಾನು ಕಂಡುಹಿಡಿದದ್ದು ಹೊರಗೆ ಬಂದರೆ ಬಾಂಬಿನಂತೆ ಇದನ್ನೂ ಆಯುಧ ಮಾಡುತ್ತಾರೆ ಅನ್ನುವುದು ಅವನ ಭಯ. ಟಿವಿಯಲ್ಲಿ ಹುಡುಗಿಯರ ಪ್ರಾರ್ಥನೆ ಕೇಳಿ ಅದನ್ನು ಗೊಜಿರಾ ಮೇಲೆ ಬಳಸಲು ಒಪ್ಪುತ್ತಾನೆ, ಆದರೆ ತನ್ನ ಸಂಶೋಧನೆಯ ಕಾಗದಗಳನ್ನೆಲ್ಲ ಸುಡುತ್ತಾನೆ. ಆಗಲೇ ಎಮಿಕೋ ಅಳುತ್ತಾಳೆ. ಕಾಗದ ಸುಟ್ಟರೂ ತಲೆಯಲ್ಲಿ ಉಳಿಯುತ್ತದಲ್ಲ, ಅದಕ್ಕೆ ಅವನು ಏನು ಮಾಡುತ್ತಾನೆ ಅಂತ ಅವಳಿಗೆ ಅರ್ಥವಾಗಿದೆ. ಕಡಲ ತಳದಲ್ಲಿ ಅವನು ತನ್ನ ಹಗ್ಗ ಕತ್ತರಿಸಿದಾಗ ಗುಟ್ಟು ಅವನ ಜೊತೆಗೇ ಹೋಗುತ್ತದೆ.

1956ರಲ್ಲಿ ಅಮೆರಿಕದವರು ಇದನ್ನೇ ಕತ್ತರಿಸಿ, ರೇಮಂಡ್ ಬರ್ ನಟಿಸಿದ ಒಬ್ಬ ಪತ್ರಕರ್ತನನ್ನು ಸೇರಿಸಿ ಬಿಡುಗಡೆ ಮಾಡಿದರು. ಅದು ಶುರುವಾಗುವುದೇ ಸುಟ್ಟುಹೋದ ಟೋಕಿಯೋದಿಂದ. ಊರು ನಾಶ ಆಗುತ್ತದೆ ಅಂತ ಮೊದಲೇ ಗೊತ್ತಾದ ಮೇಲೆ ಓಡೋ ದ್ವೀಪದ ಮುದುಕನ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ? ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಕಥೆಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಈಗ ನಾನು ಬರೆಯುತ್ತಿರುವ ಕಥೆಯಲ್ಲಿ ಒಂದು ಗಾಯಗೊಂಡ ಚಿರತೆ ಇದೆ. ಕಾಫಿ ತೋಟದಲ್ಲಿ ಉರುಳು ಹಾಕಿದ್ದು ಯಾರು ಅಂತ ತೋಟದ ರೈಟರ್‌ಗೆ (ಲೆಕ್ಕಪತ್ರ ಬರೆಯುವವನಿಗೆ) ಗೊತ್ತು, ಬಾಯಿ ಬಿಟ್ಟರೆ ಬಡ ಕೂಲಿಯವನೊಬ್ಬ ಜೈಲಿಗೆ ಹೋಗುತ್ತಾನೆ, ಹಾಗಾಗಿ ಅವನು ಸುಮ್ಮನಿದ್ದಾನೆ. ಚಿರತೆ ಯಾವ ಸೀನ್‌ನಲ್ಲಿ ಕಾಣಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ರೈಟರ್ ಯಾವಾಗ, ಯಾರ ಮುಂದೆ ಬಾಯಿ ಬಿಡುತ್ತಾನೆ ಅನ್ನುವ ಕಾರ್ಡ್ ಮಾತ್ರ ಮೊದಲೇ ಬರೆದು ಗೋಡೆಗೆ ಅಂಟಿಸಿದ್ದೇನೆ.