ಯೊಶಿಮಿಯ ಗವಿಯೊಳಗಿನ ಜಗಲಿ

ಟೋಕಿಯೊದ ಇಕೆಬುಕುರೊದಿಂದ ತೋಬು ತೋಜೊ ಮಾರ್ಗದ ರೈಲಿನಲ್ಲಿ ಒಂದು ಗಂಟೆ ಕಳೆದು ಹಿಗಾಶಿ-ಮತ್ಸುಯಾಮದಲ್ಲಿ ಇಳಿದೆ. ಅಲ್ಲಿಂದ ಬಸ್, ಆಮೇಲೆ ಐದು ನಿಮಿಷದ ನಡಿಗೆ. ಎದುರಿಗಿದ್ದ ಗುಡ್ಡದ ತುಂಬ ಗೂಡುಗಳಂತೆ ಕಪ್ಪು ಬಾಯಿಗಳು. ಸೈತಾಮಾ ಪ್ರಾಂತ್ಯದ ಯೊಶಿಮಿಯಲ್ಲಿರುವ ಈ ಜಾಗದ ಹೆಸರು 'ನೂರು ಗವಿಗಳು' ಎಂದಿದ್ದರೂ ಈಗ ಎಣಿಕೆಗೆ ಸಿಗುವುದು 219. ಕೊಫುನ್ ಯುಗದ ಕೊನೆಯ ಭಾಗದಲ್ಲಿ, ಅಂದರೆ ಆರು-ಏಳನೆಯ ಶತಮಾನಗಳಲ್ಲಿ, ಮೆತ್ತಗಿನ ಬಂಡೆಯನ್ನು ಕೊರೆದು ಮಾಡಿದ ಸಮಾಧಿಗಳಿವು.

ಕೆಳಸಾಲಿನ ಕೆಲವು ಗವಿಗಳಿಗೆ ಮಾತ್ರ ಪ್ರವೇಶವಿದೆ. ಹಳೆಯ ಪ್ಯಾಂಟು ಹಾಕಿಕೊಂಡಿದ್ದೆ, ಅದು ಜಾಣತನ. ಟಾರ್ಚ್ ಮರೆತಿದ್ದೆ, ಅದು ನನ್ನ ಎಂದಿನ ಸ್ವಭಾವ. ಮೊಬೈಲಿನ ಬೆಳಕಿನಲ್ಲಿ ಮೊಣಕಾಲೂರಿ ತೆವಳುವಾಗ ತಲೆಗೆ ಒಂದು ಪೆಟ್ಟೂ ಬಿತ್ತು. ಒಳಗೆ ಗೋಡೆಗೆ ಹೊಂದಿಕೊಂಡಂತೆ ನೆಲಕ್ಕಿಂತ ಸ್ವಲ್ಪ ಎತ್ತರದ ಜಗಲಿ. ಆಹಾ, ಕೂರಲು ಜಾಗ ಮಾಡಿದ್ದಾರೆ ಎಂದು ಕುಳಿತೇ ಬಿಟ್ಟೆ. ಅದು ಹೆಣ ಮಲಗಿಸುವ ಜಾಗವೆಂದು ಹೊಳೆದದ್ದು ಅರೆಗಳಿಗೆಯ ನಂತರ. ಎದ್ದೆ, ಎರಡನೆಯ ಪೆಟ್ಟು.

ಹೊರಗೆ ಬಂದ ಮೇಲೆ ಸಮಾಧಾನವಾದದ್ದು ತ್ಸುಬೊಯಿ ಶೋಗೊರೊ ಅವರನ್ನು ನೆನೆದು. 1887ರಲ್ಲಿ ಇಲ್ಲಿ ಉತ್ಖನನ ಮಾಡಿದ ಆ ಮಾನವಶಾಸ್ತ್ರಜ್ಞರೇ ಇವು ಮೊದಲು ವಾಸದ ಮನೆಗಳಾಗಿದ್ದವು, ಉತ್ತರ ಜಪಾನಿನ ಮೂಲನಿವಾಸಿಗಳಾದ ಐನು ಜನರ ಕಥೆಗಳಲ್ಲಿ ಬರುವ ಕೊರೊಪೊಕ್ಕುರು ಎಂಬ ಕುಳ್ಳ ಜನರು ಇಲ್ಲಿದ್ದರು ಎಂದು ವಾದಿಸಿದ್ದರು. ಆ ಜಗಲಿ, ಆ ಕಿರುಬಾಗಿಲು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜವೇ. ಇವು ಸಮಾಧಿಗಳೆಂದು ಮುಂದಿನ ಅಧ್ಯಯನಗಳಿಂದ ಖಚಿತವಾಯಿತು. 1923ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂಬ ಮನ್ನಣೆಯೂ ಸಿಕ್ಕಿತು. ಬಾಗಿಲಿಗೆ ಕಲ್ಲಿನ ಚಪ್ಪಡಿ ಮುಚ್ಚುತ್ತಿದ್ದರಂತೆ. ಮನೆಯಲ್ಲಿ ಮತ್ತೊಬ್ಬರು ತೀರಿಕೊಂಡರೆ ಅದನ್ನೇ ಸರಿಸಿ ಅವರನ್ನೂ ಒಳಗೆ ಮಲಗಿಸುತ್ತಿದ್ದರು.

ಗುಡ್ಡದ ಬುಡದಲ್ಲಿ ಮಾತ್ರ ಆಳೆತ್ತರವನ್ನು ಮೀರಿದ ದೊಡ್ಡ ಸುರಂಗಗಳಿವೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆಗೆಂದು, ಕೊರಿಯಾದ ಕಾರ್ಮಿಕರ ಕೈಯಲ್ಲಿ, ಹಲವು ಸಮಾಧಿಗಳನ್ನು ಒಡೆದು ಕೊರೆಸಿದ್ದು. ಕಾರ್ಖಾನೆ ಪೂರ್ತಿ ನಡೆಯುವ ಮೊದಲೇ ಯುದ್ಧ ಮುಗಿಯಿತು. ನನ್ನನ್ನು ಕಲಕಿದ್ದು ಹೆಣದ ಜಗಲಿಯಲ್ಲ, ಈ ಸುರಂಗ.

ಹೊರಡುವ ಮುನ್ನ ಕಂಬಿ ಹಾಕಿದ ಒಂದು ಗವಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಅಲ್ಲಿ 'ಹಿಕಾರಿಗೊಕೆ' ಎಂಬ ಹೊಳೆಯುವ ಪಾಚಿ ಬೆಳೆಯುತ್ತದೆ. ಅದಕ್ಕೆ ಸ್ವಂತ ಬೆಳಕಿಲ್ಲ. ಹೊರಗಿನಿಂದ ಬಂದ ಬೆಳಕನ್ನು ಅದರ ಮಸೂರದಂಥ ಜೀವಕೋಶಗಳು ಬಂದ ದಿಕ್ಕಿಗೇ ಮರಳಿಸುತ್ತವೆ. ನೇರ ನೋಡಿದೆ, ಏನೂ ಇಲ್ಲ. ತಲೆಯನ್ನು ಕೊಂಚ ಎಡಕ್ಕೆ ವಾಲಿಸಿದೆ. ಕತ್ತಲೆಯ ನೆಲದ ಮೇಲೆ ಹಸಿರು ಪುಡಿ ಚೆಲ್ಲಿದಂತೆ ಕಂಡಿತು.