ಮನುಷ್ಯರ ಜೊತೆ ಆಡೋಕೆ ಟರ್ನ್ ಗೇಮ್ ಹುಡುಕುವಾಗ

ಟರ್ನ್-ಬೇಸ್ಡ್, ಅಂದರೆ ಸರದಿಯಂತೆ ಆಡುವ, ಗೇಮ್‌ಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾರ ಜೊತೆ ಆಡ್ತೀರಿ? ಅವರಿಗೆ ಯಾವಾಗ ಬಿಡುವು? ಗ್ರಾಫಿಕ್ಸು, ಕಥೆ, ವಿಮರ್ಶೆಯಲ್ಲಿ ಸಿಕ್ಕ ಸ್ಟಾರು ಎಲ್ಲ ಆಮೇಲೆ. ಕಂಪ್ಯೂಟರಿಗೆ ಬೇಜಾರಾಗುವುದಿಲ್ಲ, ನಿದ್ದೆ ಬರುವುದಿಲ್ಲ, ಸೋಲುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಅರ್ಧಕ್ಕೆ ಎದ್ದು ಹೋಗುವುದಿಲ್ಲ. ಮನುಷ್ಯರು ಇದನ್ನೆಲ್ಲ ಮಾಡುತ್ತಾರೆ. ಒಬ್ಬರೇ ಆಡುವಾಗ ಸೊಗಸಾಗಿದ್ದ ಗೇಮ್ ಇಬ್ಬರು ಕೂತಾಗ ಬೋರ್ ಹೊಡೆಸಬಹುದು. ಇನ್ನು ಕೆಲವದರಲ್ಲಿ ಎರಡನೆಯವರಿಗೆ ಜಾಗವೇ ಇರುವುದಿಲ್ಲ. 2018ರ ಇನ್‌ಟು ದ ಬ್ರೀಚ್ ನನಗೆ ತುಂಬಾ ಇಷ್ಟ, ಆದರೆ ಅದು ಒಬ್ಬರೇ ಆಡುವ ಗೇಮ್. ಜೋಡಿ ಬೇಕು ಅನ್ನುವವರು ಅದನ್ನು ಕೊಂಡರೆ ದುಡ್ಡು ದಂಡ.

ನಾನು ಶಿರಸಿಯವಳು, ಬ್ಯಾಂಕಿನಲ್ಲಿ ಕೆಲಸ. ಖಾಯಂ ಎದುರಾಳಿಗಳು ಮೂವರು. ತಮ್ಮ ಟೊರಾಂಟೊದಲ್ಲಿದ್ದಾನೆ. ಅಕ್ಕನ ಮಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೂರನೆಯವರು ನಮ್ಮ ಯಜಮಾನರು, ಅದೇ ಮನೆ, ಅದೇ ಲ್ಯಾಪ್‌ಟಾಪ್. ಮೂವರಿಗೂ ಒಂದೇ ಗೇಮ್ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ.

ಹೊತ್ತು ಹೊಂದದವರ ಜೊತೆ

ನಮಗೆ ರಾತ್ರಿ ಹತ್ತು ಅಂದರೆ ತಮ್ಮನಿಗೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ನಾನು ಹಾಸಿಗೆ ಹಾಸುವ ಹೊತ್ತಿಗೆ ಅವನು ಆಫೀಸಿನಲ್ಲಿರುತ್ತಾನೆ. ಇಬ್ಬರೂ ಒಟ್ಟಿಗೆ ಕೂರುವುದು ಆಗದ ಮಾತು. ಇಂಥ ಜೋಡಿಗೆ ಬೇಕಾದ್ದು ನಾನು ನನ್ನ ಟರ್ನ್ ಮುಗಿಸಿ ಮಲಗಿದರೆ ಅವನು ತನ್ನ ಬಿಡುವಿನಲ್ಲಿ ಆಡಿ ಇಡುವಂಥ ಗೇಮ್.

ನಾವು ಆಡುವುದು ಪಾಲಿಟೋಪಿಯಾ. ಸ್ವೀಡನ್ನಿನ ಮಿಡ್‌ಜಿವಾನ್ ಅನ್ನುವ ಸಣ್ಣ ಕಂಪನಿ 2016ರಲ್ಲಿ ಫೋನಿಗೆ ಬಿಟ್ಟಿದ್ದು. 2020ರಲ್ಲಿ ಕಂಪ್ಯೂಟರಿಗೂ ಬಂತು. ಅವನು ಫೋನಿನಲ್ಲಿ, ನಾನು ಲ್ಯಾಪ್‌ಟಾಪಿನಲ್ಲಿ ಇದ್ದರೂ ಆಡಬಹುದು. ಚಿಕ್ಕ ನಕ್ಷೆ. ಶುರುವಿನ ಟರ್ನ್‌ಗಳು ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತವೆ. ಗೆಲ್ಲುವುದು ಹೇಗೆ ಅನ್ನುವುದನ್ನೂ ಮೊದಲೇ ಆರಿಸಿಕೊಳ್ಳಬಹುದು: ಒಂದು ಬಗೆಯಲ್ಲಿ ಎಲ್ಲ ರಾಜಧಾನಿಗಳನ್ನು ಹಿಡಿಯಬೇಕು, ಇನ್ನೊಂದರಲ್ಲಿ ಮೊದಲು 10,000 ಅಂಕ ಮುಟ್ಟಬೇಕು. ನನ್ನ ಆಯ್ಕೆ ಎರಡನೆಯದು, ಯಾಕಂದರೆ ಅದು ಮುಗಿಯುತ್ತದೆ. ರಾಜಧಾನಿ ಆಟದಲ್ಲಿ ಕೊನೆಗೆ ಉಳಿದ ಒಂದು ರಾಜಧಾನಿಯನ್ನು ಹಿಡಿಯಲು ಆಟ ಎಳೆಯುವ ಬೇಸರ ಇದೆ. ‘ಅಕ್ಕಾ, ನಿಂದೇ ಟರ್ನು’ ಅಂತ ವಾಟ್ಸಾಪ್‌ನಲ್ಲಿ ಬಂದರೆ ನಾನು ಸೋಲುತ್ತಿದ್ದೇನೆ ಅಂತ ಅರ್ಥ. ಗೆಲ್ಲುತ್ತಿರುವವನಿಗೆ ಅವಸರ ಜಾಸ್ತಿ.

ಹೀಗೆ ಬಿಟ್ಟು ಬಿಟ್ಟು ಆಡುವ ಯಾವ ಗೇಮ್ ತಗೊಳ್ಳುವಾಗಲೂ ನಾನು ನೋಡುವುದು ಮುಖ್ಯವಾಗಿ ಒಂದನ್ನು. ಎದುರಿನವರು ಏನು ಮಾಡಿದರು ಅನ್ನುವುದನ್ನು ನಾನು ತೆರೆದ ಕೂಡಲೇ ಅದು ಮತ್ತೆ ಆಡಿ ತೋರಿಸಬೇಕು. ಇಪ್ಪತ್ತು ತಾಸು ಕಳೆದ ಮೇಲೆ ನನ್ನ ಕುದುರೆ ಎಲ್ಲಿತ್ತು, ಯಾಕೆ ಸತ್ತಿತು ಅಂತ ಯಾರಿಗೆ ನೆನಪಿರುತ್ತದೆ? ಪಾಲಿಟೋಪಿಯಾ ತೋರಿಸುತ್ತದೆ. ಜೊತೆಗೆ ಆಟ ಅವರ ಸರ್ವರಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳೋಕಾಗಲ್ಲ. ಬಂದಾಗ ಆಡಿದರಾಯಿತು.

ಇಲ್ಲಿ ಒಂದು ಲೆಕ್ಕ ಹಾಕಿಕೊಳ್ಳಿ. ಸಾಮ್ರಾಜ್ಯ ಕಟ್ಟುವ ದೊಡ್ಡ ಗೇಮ್ ಸಿವಿಲೈಸೇಶನ್ 6ರಲ್ಲೂ ಪ್ಲೇ ಬೈ ಕ್ಲೌಡ್ ಅಂತ ಇದೇ ಸೌಲಭ್ಯ ಇದೆ. ಕೇಳಲು ಚಂದ. ಆದರೆ ಸಾಮಾನ್ಯ ವೇಗದಲ್ಲಿ ಅದು 500 ಟರ್ನಿನ ಗೇಮ್, ಆನ್‌ಲೈನ್ ವೇಗ ಇಟ್ಟುಕೊಂಡರೂ 250. ದಿನಕ್ಕೊಂದು ಸುತ್ತು ತಪ್ಪದೆ ನಡೆದರೂ ಪೂರ್ತಿ ಆಡಲು ಎಂಟು ತಿಂಗಳು ದಾಟುತ್ತದೆ. ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಆಡುವುದಾದರೆ ಒಂದು ಸುತ್ತಿಗೇ ಎರಡು ಮೂರು ದಿನ ಹಿಡಿಯಬಹುದು. ಅಷ್ಟರಲ್ಲಿ ಯಾರದೋ ಮದುವೆ, ಯಾರದೋ ಪರೀಕ್ಷೆ ಬರುತ್ತದೆ, ಆಟ ಅಲ್ಲೇ ಸಾಯುತ್ತದೆ.

ಜನ ಜಾಸ್ತಿ ಇದ್ದರೆ ಎಲ್ಲರ ಆಜ್ಞೆಗಳೂ ಒಟ್ಟಿಗೆ ಜಾರಿಯಾಗುವ ಗೇಮ್ ಹುಡುಕಿ. 2024ರ ಡೊಮಿನಿಯನ್ಸ್ 6 ಹೀಗೆಯೇ. ಎಲ್ಲರೂ ತಮ್ಮ ತಮ್ಮ ಬಿಡುವಿನಲ್ಲಿ ಆಜ್ಞೆ ಬರೆದು ಕಳಿಸುತ್ತಾರೆ, ಗಡುವು ಮುಗಿದ ಮೇಲೆ ಸರ್ವರ್ ಎಲ್ಲವನ್ನೂ ಒಂದೇ ಸಲಕ್ಕೆ ನಡೆಸುತ್ತದೆ. ಇಬ್ಬರಿದ್ದರೂ ಹತ್ತು ಜನ ಇದ್ದರೂ ಒಂದು ಸುತ್ತಿಗೆ ಹಿಡಿಯುವ ಸಮಯ ಒಂದೇ. ಅದರ ನಿಯಮದ ಪುಸ್ತಕ ಮಾತ್ರ ದಪ್ಪ. ನಾನು ಓದಿದೆ, ತಮ್ಮ ಓದಲಿಲ್ಲ, ಹಾಗಾಗಿ ನಾವು ಆಡುವುದಿಲ್ಲ. ದುಡ್ಡೇ ಖರ್ಚು ಮಾಡಬಾರದು ಅಂದರೆ ಫ್ರೀಸಿವ್ ಇದೆ, 1995ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿಗಳು ಶುರು ಮಾಡಿದ್ದು. ಅದನ್ನು ತಿಂಗಳುಗಟ್ಟಲೆ ಆಡುವ ಬಳಗದವರು ಒಂದು ಟರ್ನಿಗೆ 23 ಗಂಟೆ ಇಟ್ಟುಕೊಳ್ಳುತ್ತಾರೆ. ಗಡುವು ದಿನಾ ಒಂದು ಗಂಟೆ ಹಿಂದೆ ಸರಿಯುವುದರಿಂದ ಯಾವ ದೇಶದವರಿಗೂ ಯಾವಾಗಲೂ ನಡುರಾತ್ರಿಯೇ ಬರುವುದಿಲ್ಲ. ಬುದ್ಧಿವಂತರು ಅಲ್ವಾ?

ಒಂದೇ ಹೊತ್ತಿಗೆ ಕೂರುವವರ ಜೊತೆ

ಅಕ್ಕನ ಮಗ ಶನಿವಾರ ರಾತ್ರಿ ಬಿಡುವಾಗುತ್ತಾನೆ. ಒಂದೂವರೆ ತಾಸು ಸಿಕ್ಕರೆ ಹೆಚ್ಚು, ಆಮೇಲೆ ಅವನ ಗೆಳೆಯರು ಎಳೆದುಕೊಂಡು ಹೋಗುತ್ತಾರೆ. ಇಲ್ಲಿ ಬೇಕಾದ್ದು ಒಂದೇ ಕೂತಲ್ಲಿ ಮುಗಿಯುವ ಆಟ. ಎದುರಿನವರು ಯೋಚಿಸುತ್ತಾ ಕೂತರೆ ಗಡಿಯಾರ ಓಡಬೇಕು. ಟೈಮರ್ ಇಲ್ಲದ ಗೇಮ್ ಅನ್ನು ಹೀಗೆ ಆಡಲು ಹೋಗಬೇಡಿ. ಒಳ್ಳೆಯ ಗೆಳೆಯನೂ ಹನ್ನೆರಡು ನಿಮಿಷ ಒಂದು ನಡೆಗೆ ತಗೊಂಡರೆ ಸಿಟ್ಟು ಬರುತ್ತದೆ.

ನನ್ನ ಆಯ್ಕೆ ಬ್ಯಾಟಲ್ ಫಾರ್ ವೆಸ್ನೋತ್. ಡೇವಿಡ್ ವೈಟ್ ಅನ್ನುವವರು 2003ರಲ್ಲಿ ಶುರು ಮಾಡಿದ ಉಚಿತ ಗೇಮ್, ಈಗ ಬಳಗವೇ ನಡೆಸುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಟೈಮರ್ ಇದೆ. ಇಂಟರ್ನೆಟ್ ನಿಧಾನವಿದ್ದರೂ ತೊಂದರೆಯಿಲ್ಲ. ಗುಂಡು ಹಾರಿಸುವ ಗೇಮ್‌ಗಳಲ್ಲಿ ಪ್ರಾಣ ಹೋಗುವಷ್ಟು ತಡವಾದರೂ ಇಲ್ಲಿ ಗೊತ್ತೇ ಆಗುವುದಿಲ್ಲ.

ಇದು ಇಬ್ಬರ ನಡುವೆ ಯಾಕೆ ಚೆನ್ನಾಗಿ ಕೂರುತ್ತದೆ ಅನ್ನುವುದಕ್ಕೆ ಒಂದೇ ಜಾಗ ತೋರಿಸುತ್ತೇನೆ. ನನ್ನ ಕಡೆ ಒಬ್ಬ ಈಟಿಗಾರ, ಬೆಲೆ 14 ಚಿನ್ನ. ಅಕ್ಕನ ಮಗನ ಕಡೆ ಒಬ್ಬ ಓರ್ಕ್ ಗ್ರಂಟ್ (ರಾಕ್ಷಸ ಜಾತಿಯ ಕಾಲಾಳು), 12 ಚಿನ್ನ. ನನ್ನವನ ಏಟು 7ರಂತೆ ಮೂರು, ಗ್ರಂಟಿನದು 9ರಂತೆ ಎರಡು. ಆದರೆ ಈ ಗೇಮಿನಲ್ಲಿ ಆರು ಟರ್ನಿಗೊಂದು ದಿನ: ನಸುಕು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಬೆಳಕಿದ್ದಾಗ ನನ್ನವನಿಗೆ ಕಾಲು ಭಾಗ ಜಾಸ್ತಿ, ಓರ್ಕ್‌ಗೆ ಕಾಲು ಭಾಗ ಕಮ್ಮಿ. ಅಂದರೆ ಹಗಲು ನನ್ನ ಏಟು 9, ಅವನದು 7. ರಾತ್ರಿ ಪೂರಾ ಉಲ್ಟಾ: ನನ್ನದು 5, ಅವನದು 11. ಹಾಗಾಗಿ ಮಧ್ಯಾಹ್ನ ನಾನು ನುಗ್ಗಿರುತ್ತೇನೆ, ಮುಸ್ಸಂಜೆಗೆ ‘ವಾಪಸ್ ಹೋಗಲಾ, ಇನ್ನೊಂದು ಏಟು ಹೊಡೆಯಲಾ’ ಅನ್ನುವ ಪ್ರಶ್ನೆ. ಹೊಡೆದರೆ ರಾತ್ರಿಗೆ ಬಯಲಿನಲ್ಲಿ ಸಿಕ್ಕಿಬೀಳುತ್ತೇನೆ. ಬಯಲಿನಲ್ಲಿ ನಿಂತ ಈಟಿಗಾರನಿಗೆ ಏಟು ತಗಲುವ ಸಾಧ್ಯತೆ 60%, ಹಳ್ಳಿಯೊಳಗೆ ಹೊಕ್ಕರೆ 40%. ಅವನಿಗೂ ಇದೆಲ್ಲ ಗೊತ್ತು. ನಾನು ಹೊಗುವ ಹಳ್ಳಿಯನ್ನು ಅವನು ಮೊದಲೇ ಹಿಡಿದಿರುತ್ತಾನೆ. ಕಂಪ್ಯೂಟರ್ ಎದುರಾಳಿ ರಾತ್ರಿಯಾಗಲಿ ಅಂತ ಹೀಗೆ ಹೊಂಚು ಹಾಕಿ ಕೂರುವುದು ಕಮ್ಮಿ. ಸುಮ್ನೆ ನುಗ್ಗುತ್ತದೆ. ಮನುಷ್ಯ ಎದುರಿಗಿದ್ದಾಗಲೇ ಈ ಹಗಲು-ರಾತ್ರಿಗೆ ಬೆಲೆ.

ಅದೃಷ್ಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೂರು ಏಟು, ಪ್ರತಿಯೊಂದೂ 60% ಅಂದಾಗ ಮೂರೂ ತಪ್ಪುವ ಸಾಧ್ಯತೆ 6.4%. ಕಮ್ಮಿ ಅನ್ನಿಸುತ್ತದೆ. ಆದರೆ ಒಂದು ಆಟದಲ್ಲಿ ಇಂಥ ಹೊಡೆದಾಟ ಹತ್ತಾರು ನಡೆಯುತ್ತವೆ, ಹಾಗಾಗಿ ಒಂದಲ್ಲ ಒಂದು ಕಡೆ ಅದು ಆಗುವ ಸಾಧ್ಯತೆಯೇ ಹೆಚ್ಚು, ಮುಖ್ಯವಾದ ಜಾಗದಲ್ಲೇ ಆಗಬಹುದು. ಅಕ್ಕನ ಮಗ ಪ್ರಾಬಬಿಲಿಟಿ ಪೇಪರ್ ಪಾಸು ಮಾಡಿದ್ದಾನೆ. ಆದರೂ ‘ಚಿಕ್ಕಮ್ಮ, ಇದು ಮೋಸ’ ಅನ್ನುತ್ತಾನೆ. ಅಂದು ಐದು ನಿಮಿಷಕ್ಕೆ ಮರೆಯುತ್ತಾನೆ, ಅದಕ್ಕೇ ಅವನ ಜೊತೆ ಇದನ್ನು ಆಡುತ್ತೇನೆ. ತಮ್ಮ ಹಾಗಲ್ಲ. ಚಿಕ್ಕಂದಿನಿಂದ ಚೌಕಾಬಾರ ಆಡುವಾಗಲೂ ಕವಡೆ ಸರಿಯಾಗಿ ಬೀಳದಿದ್ದರೆ ಮನೆ ಒರೆಸಿ ಎದ್ದು ಹೋಗುತ್ತಿದ್ದವನು. ಪಾಲಿಟೋಪಿಯಾದಲ್ಲಿ ಹೊಡೆದಾಟಕ್ಕೆ ದಾಳ ಇಲ್ಲ. ಏಟು ಎಷ್ಟು ಬೀಳುತ್ತದೆ ಅನ್ನುವುದು ಪಕ್ಕಾ ಲೆಕ್ಕ. ಅವನಿಗೆ ಅದೇ ಸರಿ. ನಿಮ್ಮ ಎದುರಾಳಿ ಈ ಎರಡರಲ್ಲಿ ಯಾರು ಅಂತ ನಿಮಗೇ ಗೊತ್ತಿರುತ್ತದೆ.

ದೊಡ್ಡ ಗೇಮ್‌ಗಳಲ್ಲಿ ಕಾಯುವ ಕಷ್ಟ ತಪ್ಪಿಸಲು ಇಬ್ಬರೂ ಒಟ್ಟಿಗೆ ಆಡುವ ಟರ್ನ್ ಇಟ್ಟಿರುತ್ತಾರೆ. ಸಿವಿಲೈಸೇಶನ್‌ನಲ್ಲಿ ಹಾಗೆ ಆಡುವಾಗ ಯುದ್ಧ ಶುರುವಾದರೆ ಯಾರು ಮೊದಲು ಕ್ಲಿಕ್ ಮಾಡಿದರೋ ಅವರ ಏಟು ಮೊದಲು. ನಿಧಾನವಾಗಿ ಯೋಚಿಸಲು ಬಂದವರಿಗೆ ಬೆರಳಿನ ಓಟ! ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಇದನ್ನು ಜಾಣತನದಿಂದ ಬಗೆಹರಿಸಿಕೊಂಡಿದೆ, ಮೂಲ ಗೇಮ್ ಅಲ್ಲ, ಅಭಿಮಾನಿಗಳು ಮಾಡಿದ ಹಾರ್ನ್ ಆಫ್ ದಿ ಅಬಿಸ್. ಅದರಲ್ಲಿ ಇಬ್ಬರೂ ಎದುರಾಗುವ ತನಕ ಒಟ್ಟಿಗೆ ಆಡಬಹುದು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. 1999ರ ಗೇಮ್ ಇವತ್ತಿಗೂ ಜೀವಂತವಾಗಿರಲು ಇದೂ ಒಂದು ಕಾರಣ. ಕೊಳ್ಳುವಾಗ ಹುಷಾರು: ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸಿಗುವ ಎಚ್‌ಡಿ ಎಡಿಶನ್‌ನಲ್ಲಿ ಎರಡು ಎಕ್ಸ್‌ಪ್ಯಾನ್ಶನ್‌ಗಳೂ (ಆಮೇಲೆ ಬಿಟ್ಟ ಸೇರ್ಪಡೆಗಳು) ಇಲ್ಲ, ಹಾರ್ನ್ ಆಫ್ ದಿ ಅಬಿಸ್ ಅದರ ಮೇಲೆ ಕೂರುವುದಿಲ್ಲ. ಬೇಕಾದ್ದು ಕಂಪ್ಲೀಟ್ ಅನ್ನುವ ಆವೃತ್ತಿ, ಜಿಒಜಿ ಅನ್ನುವ ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ.

ಒಂದೇ ಲ್ಯಾಪ್‌ಟಾಪಿನ ಮುಂದೆ

ಯಜಮಾನರ ಜೊತೆ ಹಾಟ್‌ಸೀಟ್. ಒಬ್ಬರು ಆಡಿ ಎದ್ದರೆ ಇನ್ನೊಬ್ಬರು ಕೂರುವುದು. ವೆಸ್ನೋತ್, ಹೀರೋಸ್ 3, ಸಿವಿಲೈಸೇಶನ್ 6, ವಾರ್‌ಗ್ರೂವ್ ಎಲ್ಲದರಲ್ಲೂ ಇದೆ. ಒಂದೇ ತಕರಾರು ಮಂಜು, ಅಂದರೆ ಎದುರಿನವರ ಸೈನ್ಯ ಕಾಣದಂತೆ ಮುಚ್ಚಿಡುವ ನಿಯಮ. ಮಂಜು ಇಟ್ಟುಕೊಂಡರೆ ಒಬ್ಬರು ಆಡುವಾಗ ಇನ್ನೊಬ್ಬರು ಅಡುಗೆಮನೆಗೆ ಹೋಗಬೇಕು. ನಮ್ಮಲ್ಲಿ ಮಂಜು ತೆಗೆದು ಆಡುತ್ತೇವೆ. ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಬಳಸಿ ಹಾಟ್‌ಸೀಟ್ ಗೇಮ್ ಅನ್ನು ದೂರದವರ ಜೊತೆ ಆಡುವವರಿಗೂ ಇದೇ ಮಾತು. ಒಬ್ಬರು ಕೊಂಡರೆ ಸಾಕು ಅನ್ನುವುದು ಲಾಭ, ಆದರೆ ಎಲ್ಲರಿಗೂ ಕಾಣುವುದು ಒಂದೇ ಸ್ಕ್ರೀನ್. ಗುಟ್ಟು ಇರುವ ಗೇಮ್ ಅಲ್ಲಿ ನಡೆಯುವುದಿಲ್ಲ.

ಯಜಮಾನರು ನನಗಿಂತ ಕಮ್ಮಿ ಆಡಿದವರು. ಸಮ ಮಾಡಲು ಗೇಮ್‌ನಲ್ಲೇ ದಾರಿ ಇರಬೇಕು. ವೆಸ್ನೋತ್‌ನಲ್ಲಿ ಒಂದು ಕಡೆಗೆ ಮಾತ್ರ ಚಿನ್ನ ಜಾಸ್ತಿ ಕೊಡಬಹುದು, ಸಿವಿಲೈಸೇಶನ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಷ್ಟದ ಮಟ್ಟ. ಬಿಟ್ಟುಕೊಟ್ಟು ಸೋಲುವುದಕ್ಕಿಂತ ಇದು ಮರ್ಯಾದೆ. ಎರಡು ಕಡೆಯವರ ಬಲ ಬೇರೆ ಬೇರೆ ಇರುವ ಗೇಮ್‌ಗಳಲ್ಲಿ ಕಡೆ ಬದಲಿಸಿ ಎರಡು ಆಟ ಆಡಿ. ಹುಲಿ-ಕುರಿ ಆಡಿದವರಿಗೆ ಇದು ಹೇಳಬೇಕಾಗಿಲ್ಲ.

ಮೂವರಾದರೆ ಒಂದೇ ಮಾತು: ಇಬ್ಬರು ಸೇರಿ ಒಬ್ಬರನ್ನು ಮುಗಿಸುತ್ತಾರೆ, ಮುಗಿದವರು ಎರಡು ತಾಸು ಸುಮ್ನೆ ಕೂರುತ್ತಾರೆ. ನಾಲ್ಕನೆಯವರನ್ನು ಹುಡುಕಿ ಜೋಡಿ ಮಾಡಿಕೊಳ್ಳಿ, ಇಲ್ಲವೇ ಅಂಕದ ಮೇಲೆ ಗೆಲ್ಲುವ ಗೇಮ್ ತಗೊಳ್ಳಿ.

ದುಡ್ಡು ಕೊಡುವ ಮೊದಲು, ಕೊಟ್ಟ ಮೇಲೆ

ಇಬ್ಬರ ಹತ್ತಿರವೂ ಒಂದೇ ಆವೃತ್ತಿ, ಒಂದೇ ಎಕ್ಸ್‌ಪ್ಯಾನ್ಶನ್ ಇದೆಯೇ ನೋಡಿ. ಸಿವಿಲೈಸೇಶನ್ 6ರಲ್ಲಿ ಗ್ಯಾದರಿಂಗ್ ಸ್ಟಾರ್ಮ್ ಅನ್ನುವ ಎಕ್ಸ್‌ಪ್ಯಾನ್ಶನ್ನಿನ ನಿಯಮದಲ್ಲಿ ಆಡಬೇಕೆಂದರೆ ಎಲ್ಲರೂ ಅದನ್ನು ಕೊಂಡಿರಬೇಕು. ಒಬ್ಬರದು ವಿಂಡೋಸ್, ಇನ್ನೊಬ್ಬರದು ಮ್ಯಾಕ್ ಆಗಿದ್ದರೆ ಎರಡೂ ಸೇರುತ್ತವೆಯೇ ಅಂತ ಅಂಗಡಿ ಪುಟದಲ್ಲಿ ಓದಿಕೊಳ್ಳಿ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಸ್ಟ್ರಾಟಜಿ ಗೇಮ್‌ನಲ್ಲಿ ಎರಡು ಗಂಟೆ ಅಂದರೆ ಆಟ ಕಲಿಸುವ ಪಾಠವೇ ಮುಗಿಯುವುದಿಲ್ಲ. ಹಾಗಾಗಿ ಪಾಠ ಪಕ್ಕಕ್ಕಿಡಿ. ಡೌನ್‌ಲೋಡ್ ಆದ ತಕ್ಷಣ ಇಬ್ಬರೂ ಸೇರಿ ಒಂದು ಆಟ ತೆರೆಯಿರಿ. ಏನು ಮಾಡುತ್ತಿದ್ದೀರಿ ಅಂತ ಅರ್ಥ ಆಗದಿದ್ದರೂ ಪರವಾಗಿಲ್ಲ, ಹತ್ತು ಟರ್ನ್ ಒತ್ತಿ. ಸೇವ್ ಮಾಡಿ. ಒಬ್ಬರು ಬೇಕೆಂದೇ ಇಂಟರ್ನೆಟ್ ಕಿತ್ತುಹಾಕಿ ಮತ್ತೆ ಬನ್ನಿ. ಆಟ ಅಲ್ಲಿಂದಲೇ ಮುಂದುವರಿದರೆ ಇಟ್ಟುಕೊಳ್ಳಿ. ಕೊಂಡಿ ತಪ್ಪಿದ ಮೇಲೆ ಸೇರಿಕೊಳ್ಳಲು ಬಿಡದ ಗೇಮ್ ಎಷ್ಟು ಚೆನ್ನಾಗಿದ್ದರೂ ನಮ್ಮ ಊರಿನ ಕರೆಂಟಿಗೆ ಆಗಿಬರುವುದಿಲ್ಲ.

ಸೋಲು ಒಪ್ಪಿಕೊಳ್ಳುವುದನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮ ನಿಯಮ: ಬಿಡುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು, ಸುಮ್ನೆ ಟರ್ನ್ ಆಡದೆ ಮಾಯವಾಗುವ ಹಾಗಿಲ್ಲ.

ಗುರುತಿನವರು ಯಾರೂ ಇಲ್ಲದಿದ್ದರೆ ಅಪರಿಚಿತರು ಸಿಗುವ ಗೇಮ್ ಬೇಕು. ಎಷ್ಟೋ ಒಳ್ಳೆಯ ಗೇಮ್‌ಗಳ ಲಾಬಿ, ಅಂದರೆ ಆಡುವವರು ಜೊತೆ ಹುಡುಕುವ ಜಾಗ, ಖಾಲಿ ಹೊಡೆಯುತ್ತಿರುತ್ತದೆ. ಕೊಳ್ಳುವ ಮೊದಲು ಈಗ ಎಷ್ಟು ಜನ ಆಡುತ್ತಿದ್ದಾರೆ ನೋಡಿ. ವೆಸ್ನೋತ್ ಲಾಬಿಗೆ ದುಡ್ಡಿಲ್ಲದೆ ಹೋಗಿ ನೋಡಬಹುದು. ಬೇರೆಯವರ ಆಟವನ್ನು ಪಕ್ಕದಲ್ಲಿ ನಿಂತು ನೋಡಲು ಬಿಡುತ್ತಾರೆ. ಒಂದೆರಡು ಆಟ ಪೂರ್ತಿ ನೋಡಿ, ಆಮೇಲೆ ಹೊಸಬ ಅಂತ ಹೆಸರಿನ ಪಕ್ಕವೇ ಬರೆದು ಆಟ ತೆರೆಯಿರಿ. ಮೊದಲ ಸಲ ಓರ್ಕ್‌ಗಳ ಕಡೆ ತಗೊಂಡರೆ ರಾತ್ರಿ ಮಾತ್ರ ನುಗ್ಗಿ.